ಏಳದ ವರ್ಕರ್, ಉಳಿದ ಕಸ

ವೆಬ್ ಸರ್ವರಿಗೆ ಬಂದ ಕೋರಿಕೆಗಳನ್ನು ಪೂರೈಸುವುದು ವರ್ಕರ್ ಎಂಬ ಪ್ರೊಸೆಸ್‌ಗಳು. ಅವನ್ನು ಎಬ್ಬಿಸಿ ನಿಗಾ ಇಡುವುದು ಮಾಸ್ಟರ್ ಪ್ರೊಸೆಸ್‌ನ ಕೆಲಸ. ಉದಾಹರಣೆಗೆ, 'ಭೂಮಿ' ಯೋಜನೆ ಬಂದ ಮೇಲೆ ಪಹಣಿ ಕಂಪ್ಯೂಟರ್ ಸೇರಿದೆ. ಔರಾದದ ರೈತ ಹೇಳಿದ ಸರ್ವೆ ನಂಬರು ದೂರದ ಸರ್ವರಿಗೆ ಹೋಗಿಬಂದರೆ ಮಾತ್ರ ಪ್ರಿಂಟು. ಇಂಥ ಯಾವುದೇ ಸೇವೆಯಲ್ಲಿ ವರ್ಕರ್‌ಗಳು ಏಳದಿದ್ದರೆ ಪರದೆಯಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ, ಕೌಂಟರಿನಲ್ಲಿ 'ಸರ್ವರ್ ಇಲ್ಲ' ಎಂಬ ಉತ್ತರ ಸಿಗುತ್ತದೆ.

ಸೆಟ್ಟಿಂಗ್ ತಪ್ಪಿದ್ದರೆ, ಮೆಮೊರಿ ಸಾಲದಿದ್ದರೆ ವರ್ಕರ್ ಏಳುವಾಗಲೇ ಬೀಳುತ್ತದೆ. ಹಾಗೆ ಬಿದ್ದರೆ ವಾಸಿ, ಕಾರಣ ಲಾಗ್‌ನಲ್ಲಿ ಸಿಗುತ್ತದೆ. ಡೇಟಾಬೇಸ್‌ನ ಉತ್ತರಕ್ಕೆ ಕಾಯುತ್ತ ಅತ್ತ ಸಾಯದೆ ಇತ್ತ ಸಿದ್ಧವಾಗದೆ ನಿಂತದ್ದು ಹೆಚ್ಚು ಕಾಟ. ಟೈಮ್‌ಔಟ್, ಅಂದರೆ ಕಾಯುವುದಕ್ಕೊಂದು ಗಡುವು, ಬೇಕಾಗುವುದು ಇದಕ್ಕೇ. ಸೇವೆಗಳನ್ನು ಎಬ್ಬಿಸುವ ಲಿನಕ್ಸ್‌ನ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡ್ ಕಾಯುತ್ತದೆ. ಗುನಿಕಾರ್ನ್ ಎಂಬ ವೆಬ್ ಸರ್ವರ್ 30 ಸೆಕೆಂಡ್ ಸದ್ದಿಲ್ಲದ ವರ್ಕರನ್ನು ಕೊಲ್ಲುತ್ತದೆ. ಗಡುವು ತೀರ ಚಿಕ್ಕದಾದರೂ ಕಷ್ಟ. ಕರೆಂಟ್ ಹೋಗಿಬಂದಾಗ ಎಲ್ಲ ವರ್ಕರ್‌ಗಳೂ ಒಟ್ಟಿಗೆ ಎದ್ದು ಡಿಸ್ಕಿಗೆ ಮುಗಿಬೀಳುತ್ತವೆ. ಇನ್ನೇನು ಸಿದ್ಧವಾಗಬೇಕು ಎನ್ನುವಾಗ ಗಡುವು ಮುಗಿಯುತ್ತದೆ, ಹೊಸದು ಬರುತ್ತದೆ, ಅದಕ್ಕೂ ಅದೇ ಗತಿ.

ಕೊಲ್ಲುವುದಕ್ಕೂ ಕ್ರಮವಿದೆ. ಮೊದಲು ಟರ್ಮ್ ಸಂಕೇತ, ಅಂದರೆ ಮುಗಿಸಿಕೋ ಎಂಬ ಸೂಚನೆ. ಕಂಟೇನರ್‌ಗಳನ್ನು ಓಡಿಸುವ ಡಾಕರ್ ಇದಕ್ಕೆ 10 ಸೆಕೆಂಡ್ ಕೊಡುತ್ತದೆ. ಆಮೇಲೆ ಕಿಲ್, ಅದನ್ನು ಯಾವ ಪ್ರೋಗ್ರಾಮೂ ತಡೆಯಲಾಗದು. ಸತ್ತ ವರ್ಕರಿನ ಮೆಮೊರಿ, ತೆರೆದ ಪೋರ್ಟ್‌ಗಳನ್ನು ಕರ್ನಲ್ ತಾನೇ ವಾಪಸು ಪಡೆಯುತ್ತದೆ. ತಾತ್ಕಾಲಿಕ ಫೈಲು, ಪ್ರೊಸೆಸ್‌ನ ಸಂಖ್ಯೆ ಬರೆದಿಟ್ಟ ಪಿಐಡಿ ಫೈಲು, ಆ ವರ್ಕರ್ ಹುಟ್ಟಿಸಿದ ಮರಿ ಪ್ರೊಸೆಸ್‌ಗಳು ಮಾತ್ರ ಹಾಗೇ ಉಳಿಯುತ್ತವೆ. ಮಾಸ್ಟರ್ 'ವೇಟ್' ಕರೆಯಿಂದ ಸಾವನ್ನು ದಾಖಲಿಸಿಕೊಳ್ಳದಿದ್ದರೆ ವರ್ಕರ್ ಜೋಂಬಿಯಾಗಿ ಪ್ರೊಸೆಸ್ ಪಟ್ಟಿಯಲ್ಲೇ ಕೂರುತ್ತದೆ.

ಪಿಐಡಿ ಫೈಲಿನ ಫಜೀತಿ ಬೇರೆಯೇ. ಅದರೊಳಗೆ 4127 ಎಂಬ ಒಂದೇ ಸಂಖ್ಯೆ ಇದೆ ಎನ್ನೋಣ. ಮಷಿನ್ ರೀಬೂಟ್ ಆದಾಗ ಆ ಸಂಖ್ಯೆ ಇನ್ನಾವುದೋ ಪ್ರೋಗ್ರಾಮಿಗೆ ಸಿಕ್ಕಿರಬಹುದು. ಸ್ಟಾರ್ಟ್ ಸ್ಕ್ರಿಪ್ಟ್ ಫೈಲನ್ನಷ್ಟೇ ನೋಡಿ 'ಆಗಲೇ ಓಡುತ್ತಿದೆ' ಎಂದು ಕೈಕಟ್ಟಿ ನಿಲ್ಲುತ್ತದೆ. ಸ್ಟಾಪ್ ಸ್ಕ್ರಿಪ್ಟ್ ಆದರೆ ಯಾರದೋ ಪ್ರೊಸೆಸ್‌ನ ಕತ್ತು ಹಿಸುಕುತ್ತದೆ. ಸಂಖ್ಯೆಯ ಜೊತೆಗೆ ಪ್ರೊಸೆಸ್‌ನ ಹೆಸರು, ಶುರುವಾದ ಸಮಯ ಹೋಲಿಸಿದರೆ ಈ ಎಡವಟ್ಟು ತಪ್ಪುತ್ತದೆ.

ಇಂಥ ಕಸ ಗುಡಿಸಿದ ಮೇಲಷ್ಟೇ ಮರುಪ್ರಯತ್ನ, ಅದೂ ಬಿಡುವು ಕೊಟ್ಟು. ಕಂಟೇನರ್‌ಗಳನ್ನು ನಿಭಾಯಿಸುವ ಕುಬರ್ನೆಟೀಸ್ 10, 20, 40 ಸೆಕೆಂಡ್ ಎಂದು ಅಂತರವನ್ನು ದುಪ್ಪಟ್ಟು ಮಾಡುತ್ತ 5 ನಿಮಿಷಕ್ಕೆ ನಿಲ್ಲಿಸುತ್ತದೆ. ಗುನಿಕಾರ್ನ್‌ನ ವರ್ಕರ್ ಶುರುವಿನಲ್ಲೇ ಸೋತರೆ ಮಾಸ್ಟರ್ ಕಾರಣವನ್ನು ಲಾಗ್‌ಗೆ ಬರೆದು ತಾನೂ ಬಾಗಿಲು ಹಾಕುತ್ತದೆ.