ಉತ್ತರ ಬರೆದವರು ಯಾರು?

2025ರ ಸೆಪ್ಟೆಂಬರ್ ಹೊತ್ತಿಗೆ ಕಲಬುರಗಿಯ ಮನೆ ಬಾಗಿಲುಗಳ ಮೇಲೆ ಸಂಖ್ಯೆ ಬರೆದ ಸ್ಟಿಕ್ಕರ್‌ಗಳು ಕಾಣಿಸಿಕೊಂಡವು. ಅಂಟಿಸಿ ಹೋದವರು ತಿಂಗಳಿಗೊಮ್ಮೆ ಕರೆಂಟ್ ಬಿಲ್ ಕೊಡಲು ಬರುವ ಮೀಟರ್ ರೀಡರ್‌ಗಳೇ. ಸೆಪ್ಟೆಂಬರ್ 22ರಿಂದ ಶಾಲಾ ಶಿಕ್ಷಕರು ಮೊಬೈಲ್ ಹಿಡಿದು ಬಂದರು. ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ, 60 ಪ್ರಶ್ನೆಗಳು. ಮೇಷ್ಟ್ರಿಗೆ ಕಾಯದೆ ಆನ್‌ಲೈನ್‌ನಲ್ಲಿ ತಾವೇ ಭರ್ತಿ ಮಾಡುವ ಅವಕಾಶವೂ ಇತ್ತು. ನಗರದ ಬಡಾವಣೆಯವರಿಗೆ ಇದು ಸಣ್ಣ ಅನುಕೂಲ ಎನಿಸಿರಬಹುದು. ಆದರೆ ತಮ್ಮ ಬದುಕಿನ ಬಗೆಗಿನ ಪ್ರಶ್ನೆಗೆ ಜನರು ತಾವೇ ಉತ್ತರ ಬರೆಯುವ ಕಾಲ ಈ ಸೀಮೆಗೆ ಸುಲಭವಾಗಿ ಬಂದದ್ದಲ್ಲ.

ಪ್ರಶ್ನಾವಳಿಯನ್ನೇ ಜನರ ಕೈಗೆ ಕೊಟ್ಟುಬಿಡುವ ಆಲೋಚನೆ ಹಳೆಯದು. 1880ರಲ್ಲಿ ಕಾರ್ಲ್ ಮಾರ್ಕ್ಸ್ ಫ್ರಾನ್ಸಿನ ಕಾರ್ಮಿಕರಿಗಾಗಿ ನೂರರಷ್ಟು ಪ್ರಶ್ನೆ ಬರೆದುಕೊಟ್ಟ. ಪ್ರತಿಗಳು ಸಾವಿರಾರು ಹಂಚಿಕೆಯಾದವು, ತಿರುಗಿ ಬಂದ ಉತ್ತರ ತೀರಾ ಕಡಿಮೆ. ದಿನವಿಡೀ ದುಡಿದು ಬಂದವನಿಗೆ ಕಾಗದ ಬಿಡಿಸಿ ಕೂರುವ ವ್ಯವಧಾನ ಎಲ್ಲಿಯದು?

ಜನರಿಂದಲೇ ಉತ್ತರ ಬರೆಸುವ ಈ ತೊಡಕು ನಮ್ಮಲ್ಲಿ ದೊಡ್ಡ ಪ್ರಮಾಣದಲ್ಲಿ ಎದುರಾದದ್ದು 1975ರಲ್ಲಿ. ಆ ವರ್ಷ ಆಗಸ್ಟ್ 1ರಂದು ಅಂದಿನ ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ಬಂತು. ಬೆಂಗಳೂರು ದೂರದರ್ಶನ ಕಂಡದ್ದು 1981ರಲ್ಲಿ. ಅಂದರೆ ಕಪ್ಪು ಮಣ್ಣಿನ ನಮ್ಮ ರೈತರು ರಾಜಧಾನಿಗಿಂತ ಆರು ವರ್ಷ ಮೊದಲೇ ಪರದೆಯ ಮುಂದೆ ಕೂತಿದ್ದರು. ನಾಸಾದ ಉಪಗ್ರಹ, ಇಸ್ರೋದ ಯೋಜನೆ. ಶಾಲೆಯ ಮೇಲೋ ಪಂಚಾಯಿತಿ ಕಟ್ಟಡದ ಮೇಲೋ ತಂತಿ ಬಲೆಯ ಹತ್ತಡಿ ಅಗಲದ ಆಂಟೆನಾ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಒಂದು ವರ್ಷ ನಡೆದ ಈ ಪ್ರಯೋಗದ ಹೆಸರು ಸೈಟ್. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ.

ನೋಡಿದವರಿಗೆ ಏನು ದಕ್ಕಿತು? ತಿಳಿಯಬೇಕಿದ್ದರೆ ಕೇಳಬೇಕು. ಅಂದಿನ ಹಳ್ಳಿಗಳಲ್ಲಿ ಅಕ್ಷರ ಬಲ್ಲವರೇ ಕಡಿಮೆ. ಫಾರಂ ಹಂಚಿ ಬರುವಂತಿರಲಿಲ್ಲ. ಹಾಗಾಗಿ ಸಂದರ್ಶಕರು ಮನೆ ಮನೆಗೆ ಹೋಗಿ ಪ್ರಶ್ನೆ ಓದಿ, ಉತ್ತರ ತಾವೇ ಬರೆದುಕೊಂಡರು. ಇನ್ನೊಂದೆಡೆ ಮಾನವಶಾಸ್ತ್ರಜ್ಞ ಬಿನೋದ್ ಅಗ್ರವಾಲ್ ಅವರ ಮಾರ್ಗದರ್ಶನದಲ್ಲಿ ಸಂಶೋಧಕರು ಆಯ್ದ ಹಳ್ಳಿಗಳಲ್ಲೇ ಮನೆ ಮಾಡಿಕೊಂಡು ಉಳಿದು, ಕಂಡದ್ದನ್ನು ಬರೆದಿಟ್ಟರು. ದಿನಚರಿ ಜನರದು, ಬರವಣಿಗೆ ಇನ್ನೊಬ್ಬರದು. ಈ ಅಧ್ಯಯನದಲ್ಲಿ ಹೊರಬಿದ್ದ ಒಂದು ಅಂಶ ನನಗೆ ಬಹಳ ಮುಖ್ಯ: ಟಿ.ವಿ.ಯಿಂದ ಹೆಚ್ಚು ಕಲಿತವರಲ್ಲಿ ಓದುಬರಹ ಬಾರದವರು, ಅದರಲ್ಲೂ ಹೆಂಗಸರು ಮುಂದಿದ್ದರು. ಅಂಚೆಯಲ್ಲಿ ಪ್ರಶ್ನಾವಳಿ ಕಳಿಸಿ ಕೂತಿದ್ದರೆ ಲೆಕ್ಕದಿಂದ ಮೊದಲು ಬಿಟ್ಟುಹೋಗುತ್ತಿದ್ದವರೂ ಅವರೇ.

ಅಂದಂದಿನ ಕೆಲಸವನ್ನು ಅಂದೇ ಬರೆದಿಡುವ ದಿನಚರಿಯ ಬೆಲೆ ಕಲಬುರಗಿ ಜಿಲ್ಲೆಯ ಕಮಲಾಪುರದ ತೋಟದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಹೆಸರಾಂತ ಕೆಂಪು ಬಾಳೆ ಗೊನೆ ಕೊಡಲು ವರ್ಷಕ್ಕೂ ಹೆಚ್ಚು ಕಾಲ ಬೇಕು. ಕಡಿದು ಮಾರಿದ ಮೇಲೆ ಬಂದು ‘ಕಳೆ ತೆಗೆಯಲು ಎಷ್ಟು ಆಳು ಹಚ್ಚಿದ್ದಿರಿ?’ ಎಂದು ಕೇಳಿದರೆ ಸಿಗುವುದು ಅಂದಾಜು ಮಾತ್ರ. ತೊಗರಿಯಂಥ ಬೆಳೆಗಳ ಬೆಂಬಲ ಬೆಲೆಗೆ ಆಧಾರವಾಗುವ ಸಾಗುವಳಿ ವೆಚ್ಚದ ಲೆಕ್ಕ 1970–71ರಿಂದ ದೈನಂದಿನ ದಾಖಲೆಯ ಮೇಲೆ ನಿಂತಿರುವುದು ಇದೇ ಕಾರಣಕ್ಕೆ. ಅಲ್ಲೂ ಬರೆಯುವವರು ಕ್ಷೇತ್ರ ಸಿಬ್ಬಂದಿಯೇ.

ಮನೆಯೊಳಗಿನ ದುಡಿಮೆಗೆ ಅಂಥ ದಿನಚರಿ ಪುಸ್ತಕ ಬಂದದ್ದು ತಡವಾಗಿ. 2019ರಲ್ಲಿ ದೇಶದಾದ್ಯಂತ ನಡೆದ ಸಮಯ ಬಳಕೆ ಸಮೀಕ್ಷೆ, ಬೆಳಗಿನ ನಾಲ್ಕರಿಂದ ಮರುದಿನ ನಾಲ್ಕರವರೆಗಿನ ಹೊತ್ತನ್ನು ಅರ್ಧ ಅರ್ಧ ಗಂಟೆಗೆ ವಿಂಗಡಿಸಿ ಕೇಳಿತು. ಯುರೋಪಿನಲ್ಲಿ ಆ ಪುಸ್ತಕವನ್ನು ಜನರೇ ತುಂಬುತ್ತಾರೆ. ಇಲ್ಲಿ ಕೇಳಿ ತುಂಬಿಸಿದರು. ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ, ಮಾಡುವ ಗಂಡಸರು 97 ನಿಮಿಷ ಕೊಡುತ್ತಾರೆಂದು ತಿಳಿಯಿತು. ನಸುಕಿನಲ್ಲೆದ್ದು ನೀರು ತುಂಬಿ, ಬುತ್ತಿಗೆ ರೊಟ್ಟಿ ಬಡಿದು, ಹೊಲದ ಕೂಲಿಗೆ ಹೋಗುವವಳ ದಿನಕ್ಕೆ ಸರ್ಕಾರಿ ಕಾಗದದಲ್ಲಿ ಕೊನೆಗೂ ಜಾಗ ಸಿಕ್ಕಿತು.

ಕೇಳಿ ಬರೆದುಕೊಳ್ಳುವುದರಲ್ಲಿ ಒಂದು ಕಷ್ಟವಿದೆ. ಪಡಸಾಲೆಯಲ್ಲಿ ಅತ್ತೆ ಕೂತಿರುವಾಗ, ಬಾಗಿಲಲ್ಲಿ ಓಣಿಯ ಮಕ್ಕಳು ಇಣುಕುವಾಗ ಸೊಸೆ ಏನು ಹೇಳಿಯಾಳು? ‘ಅವರನ್ನೇ ಕೇಳ್ರಿ’ ಎಂದು ಒಳಗೆ ಹೋಗುತ್ತಾಳೆ. ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಗೌರವದ ಉಪಾಯವನ್ನು ಬಳಸಿದವರು ಕರ್ನಾಟಕದಲ್ಲಿ ಎಚ್ಐವಿ ತಡೆಯ ಕೆಲಸ ಮಾಡಿದವರು. 2000ರ ದಶಕದಲ್ಲಿ ಅವರು ‘ಮತಗಟ್ಟೆ ಸಮೀಕ್ಷೆ’ ನಡೆಸಿದರು. ಹತ್ತು–ಹನ್ನೆರಡು ಜನ, ನಡುವೆ ಮರೆ. ಪ್ರತಿಯೊಬ್ಬರ ಕೈಯಲ್ಲಿ ಪ್ರಶ್ನೆಗೊಂದರಂತೆ ಚೀಟಿ, ಮುಂದೆ ಬಣ್ಣ ಬಣ್ಣದ ಡಬ್ಬಿ. ಒಬ್ಬರು ಪ್ರಶ್ನೆ ಓದುತ್ತಾರೆ. ಹೌದಾದರೆ ಒಂದು ಬಣ್ಣದ್ದಕ್ಕೆ, ಇಲ್ಲವಾದರೆ ಇನ್ನೊಂದಕ್ಕೆ ಚೀಟಿ ಹಾಕಬೇಕು. ಹೆಸರಿಲ್ಲ, ಗುರುತಿಲ್ಲ. ಮುಖಾಮುಖಿ ಕೇಳಿದಾಗ ಜನ ಮುಚ್ಚಿಟ್ಟಿದ್ದ ಸಂಗತಿಗಳು ಇಲ್ಲಿ ಹೆಚ್ಚಾಗಿ ಹೊರಬಂದವು. ಒಂದಕ್ಷರ ಬರೆಯದೆ ತಮ್ಮ ಉತ್ತರವನ್ನು ತಾವೇ ದಾಖಲಿಸಿದವರು ಇವರು.

ಈಗ 2027ರ ಜನಗಣತಿಯಲ್ಲಿ ದೇಶಕ್ಕೇ ಮೊದಲ ಬಾರಿ ಸ್ವಯಂ ಗಣತಿಯ ಅವಕಾಶ. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ, ಆತಂಕದ ಜೊತೆಗೇ. 2011ರಲ್ಲಿ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇ 65ರ ಹತ್ತಿರ. ಮಹಿಳೆಯರಲ್ಲಿ ಶೇ 55. ಫೋನ್ ಯಾರ ಕೈಯಲ್ಲಿದೆಯೋ ಅವರೇ ಮನೆಮಂದಿಯ ಪರವಾಗಿ ಭರ್ತಿ ಮಾಡುತ್ತಾರೆ. ಮನೆಯ ಹೆಂಗಸು ಕೂಲಿಗೆ ಹೋಗಿ ಬಂದರೂ ‘ಮನೆಯಲ್ಲೇ ಇರ್ತಾಳೆ’ ಎಂದು ಮಗನೋ ಗಂಡನೋ ಒತ್ತಿಬಿಡಬಹುದು; ಮೇಷ್ಟ್ರು ಎದುರಿಗಿದ್ದರೆ ಒಂದು ಮರುಪ್ರಶ್ನೆಯಾದರೂ ಇರುತ್ತಿತ್ತು. ಕಮಲಾಪುರದ ಹಳ್ಳಿಗಳಲ್ಲಿ, ಕಲಬುರಗಿಯ ಓಣಿಗಳಲ್ಲಿ ಸ್ವಸಹಾಯ ಸಂಘಗಳ ಸಭೆ ನಡೆದೇ ನಡೆಯುತ್ತದೆ. ಗಣತಿಗೆ ಮೊದಲು ಒಂದು ಸಭೆಯಲ್ಲಿ ಪ್ರಶ್ನೆಗಳನ್ನೆಲ್ಲ ಗಟ್ಟಿಯಾಗಿ ಓದಿ ಹೇಳಲಿ. ಆಗ ಮಗ ಫೋನ್ ತೆರೆದು ಕೂತಾಗ, ತನ್ನ ಕೆಲಸದ ಮುಂದೆ ಏನು ಹಾಕಬೇಕೆಂದು ತಾಯಿಯೇ ಹೇಳುತ್ತಾಳೆ.