ಬೀಟ್ ನಿಮ್ಮದು, ದನಿ ಯಾರದ್ದು?

ಇಯರ್‌ಫೋನ್ ಹಾಕ್ಕೊಂಡಿದ್ದೀರಿ ತಾನೆ? ಇವತ್ತಿನ ಮಾತು ಒಂದು ಜೋಗುಳದ ಬಗ್ಗೆ. ಪೆಸಿಫಿಕ್ ಸಾಗರದ ದ್ವೀಪವೊಂದರಲ್ಲಿ ಹುಟ್ಟಿದ ಹಾಡು ಯುರೋಪಿನ ಡ್ಯಾನ್ಸ್ ಫ್ಲೋರ್ ತನಕ ಹೋಯ್ತು. ಆದ್ರೆ ಹಾಡಿದಾಕೆಯ ಹೆಸರು ಮಾತ್ರ ದಾರಿಯಲ್ಲೇ ಕಳೆದುಹೋಯ್ತು.

1970ರ ಸುಮಾರು. ಸಾಲೊಮನ್ ದ್ವೀಪಗಳ ಮಲೈಟಾದಲ್ಲಿ ಆಫುನಕ್ವಾ ಅನ್ನೋ ಮಹಿಳೆ ಬಾಯೆಗು ಭಾಷೆಯಲ್ಲಿ ಜೋಗುಳ ಹಾಡಿದರು. ತಬ್ಬಲಿ ತಮ್ಮನ ಅಳು ನಿಲ್ಲಿಸೋಕೆ ಹಾಡುವ ಹಾಡು ಅದು. ಸಂಗೀತ ಸಂಶೋಧಕ ಹ್ಯೂಗೊ ಝೆಂಪ್ ಅದನ್ನ ರೆಕಾರ್ಡ್ ಮಾಡಿದ್ರು. ಮುಂದೆ ಯುನೆಸ್ಕೊ ಸಂಗ್ರಹದ ಎಲ್‌ಪಿಯಲ್ಲಿ ಅದು ಹೊರಬಂತು.

1992ರಲ್ಲಿ ಫ್ರಾನ್ಸಿನ ಎರಿಕ್ ಮೂಕೆ ಮತ್ತು ಮಿಶೆಲ್ ಸಾಂಚೆಜ್ ಅವರ ‘ಡೀಪ್ ಫಾರೆಸ್ಟ್’ ಇದೇ ದನಿ ಬಳಸಿ ‘ಸ್ವೀಟ್ ಲಲ್ಲಬೈ’ ಮಾಡಿತು. ಹಾಡು ಜಗತ್ತಿನಾದ್ಯಂತ ಹಿಟ್ ಆಯ್ತು.

ಇದನ್ನ ಮಾಡೋದು ಹೇಗೆ? ಮೊದಲು ಹಳೇ ರೆಕಾರ್ಡಿಂಗ್‌ನಿಂದ ಒಂದು ತುಣುಕು ಕತ್ತರಿಸ್ತಾರೆ. ಇದೇ ಸ್ಯಾಂಪಲ್. ಜೋಗುಳ ಹಾಡೋರು ಉಸಿರಿನ ಲೆಕ್ಕದಲ್ಲಿ ಹಾಡ್ತಾರೆ; ಡ್ರಮ್ ಮಷೀನ್‌ಗೆ ಗಡಿಯಾರದ ಲೆಕ್ಕ. ಹಾಗಾಗಿ ದನಿಯನ್ನ ಎಳೆದು, ಕುಗ್ಗಿಸಿ, ಬೀಟ್ ಮೇಲೆ ಕೂರಿಸ್ತಾರೆ. ಕೆಳಗೆ ಸಿಂಥಸೈಜರ್ ಸ್ವರಗಳನ್ನ ಹಾಸ್ತಾರೆ. ಮೂಲದಲ್ಲಿ ಆ ಸ್ವರಗಳು ಇರಲೇ ಇಲ್ಲ. ಕೇಳುವಾಗ ನಮ್ಮ ಮನಸ್ಸು ಕರಗೋದರಲ್ಲಿ ಅವುಗಳ ಪಾಲೂ ಇದೆ.

ತಕರಾರು ಇರೋದು ಇಲ್ಲಲ್ಲ. ಆಲ್ಬಮ್‌ನಲ್ಲಿ ಆಫುನಕ್ವಾ ಹೆಸರೇ ಇರಲಿಲ್ಲ. ಈ ಹಾಡಿಗೆ ತಾನು ಅನುಮತಿ ಕೊಟ್ಟಿಲ್ಲ ಅಂತ ಝೆಂಪ್ 1996ರಲ್ಲಿ ಲೇಖನವನ್ನೇ ಬರೆದರು. ಅದೇ ವರ್ಷ ನಾರ್ವೆಯ ಸ್ಯಾಕ್ಸೊಫೋನ್ ವಾದಕ ಯಾನ್ ಗಾರ್ಬಾರೆಕ್ ಇದೇ ಧಾಟಿಯನ್ನ ನುಡಿಸಿ, ‘ಪಿಗ್ಮಿ ಲಲ್ಲಬೈ’ ಅಂತ ಹೆಸರಿಟ್ಟರು. ಪಿಗ್ಮಿಗಳು ಇರೋದು ಮಧ್ಯ ಆಫ್ರಿಕಾದಲ್ಲಿ! ಹಾಡಿದವರ ಹೆಸರು ಅಳಿಸಿದ್ರೆ ಊರೂ ಅಳಿಸುತ್ತೆ, ಖಂಡವೇ ಬದಲಾಗುತ್ತೆ.

ಕಾನೂನು ಏನ್ಮಾಡ್ತಿತ್ತು ಅಂತೀರಾ? ಕಾಪಿರೈಟ್ ಸಾಮಾನ್ಯವಾಗಿ ‘ಬರೆದವರು ಯಾರು, ರೆಕಾರ್ಡಿಂಗ್ ಯಾರದ್ದು’ ಅಂತ ಕೇಳುತ್ತೆ. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಹಾಡಿಗೆ ಬರೆದವರು ಯಾರು ಅಂತ ಹೇಳೋದು? ನಡುವೆ ಕೈಬಿಟ್ಟುಹೋಗೋದು ಹಾಡಿದವರು.

ಹಾಗಂತ ಬೆರೆಸೋದೇ ತಪ್ಪಾ? ಇಲ್ಲ. ಅಲ್ಜೀರಿಯಾದಲ್ಲಿ ಹುಟ್ಟಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೆಲೆಸಿದ ಡಿಜೆ ಶೆಬ್ ಇ ಸಬಾ ಅವರನ್ನೇ ನೋಡಿ. 1999ರ ‘ಶ್ರೀ ದುರ್ಗಾ’ ಆಲ್ಬಮ್‌ನಲ್ಲಿ ಪಾಕಿಸ್ತಾನದ ಉಸ್ತಾದ್ ಸಲಾಮತ್ ಅಲಿ ಖಾನ್ ಅವರ ಗಾಯನವಿದೆ, ಜೊತೆಗೆ ಅವರ ಹೆಸರೂ ಇದೆ. ಬೀಟ್ ಬಂದರೂ ಹಾಡುಗಾರ ಮರೆಯಾಗಲಿಲ್ಲ.

ನಿಮ್ಮಲ್ಲೂ ಎಷ್ಟೋ ಜನ ಫೋನ್‌ನಲ್ಲೇ ರೀಮಿಕ್ಸ್ ಮಾಡ್ತೀರಿ. ಅಜ್ಜಿ ಹಾಡಿದ ಸೋಬಾನೆ ಪದಕ್ಕೆ ಬೀಟ್ ಹಾಕೋ ಆಸೆನೂ ಇರಬಹುದು. ಹಾಕಿ, ಖಂಡಿತ ಹಾಕಿ. ಅದಕ್ಕೂ ಮೊದಲು ಅಜ್ಜಿಯನ್ನ ಒಂದು ಮಾತು ಕೇಳಿ. ಅಪ್‌ಲೋಡ್ ಮಾಡುವಾಗ ನಿಮ್ಮ ಹೆಸರಿಗಿಂತ ಮೇಲೆ ಅವರ ಹೆಸರು ಬರೀರಿ. ದುಡ್ಡು ಬಂದ್ರೆ ಅವರ ಪಾಲು ಮರೀಬೇಡಿ.

ಮತ್ತೆ ಸಿಗೋಣ.