ಮರದ ಲಿಂಗ, ಸಮಾಸದ ಬಾಲ

ಕ್ರಿಸ್ತಪೂರ್ವ ಎರಡನೇ ಶತಮಾನದ ರೋಮನ್ ನಾಟಕಕಾರ ಪಕೂವಿಯಸ್, ಡಾಲ್ಫಿನ್ ಹಿಂಡನ್ನು ಬಣ್ಣಿಸಲು ‘ಇಂಕುರ್ವಿಕೆರ್ವಿಕುಮ್’ ಎಂಬ ವಿಶೇಷಣ ಹೊಸೆದ. ಬಾಗುಗತ್ತಿನದು ಎಂದರ್ಥ. ಗ್ರೀಕರು ಇಂಥದನ್ನು ಹೇಳಿದರೆ ತಲೆದೂಗುತ್ತೇವೆ, ನಮ್ಮವರು ಹೇಳಿದರೆ ನಗು ತಡೆಯುವುದೇ ಕಷ್ಟ ಎಂದು ಮುಂದೆ ಅಲಂಕಾರಶಾಸ್ತ್ರದ ಮೇಷ್ಟ್ರು ಕ್ವಿಂಟಿಲಿಯನ್ ಛೇಡಿಸಿದ. ಸಮಾಸ ಕಟ್ಟುವುದರಲ್ಲಿ ರೋಮನ್ನರದು ಬಿಗಿ ಕೈ.

ಸಸ್ಯಶಾಸ್ತ್ರಜ್ಞರಿಗೆ ಆ ನಾಚಿಕೆ ಇರಲಿಲ್ಲ. ಲಿನೇಯಸ್ 1753ರಲ್ಲಿ ತೆಂಗನ್ನು ‘ಕೋಕೋಸ್ ನ್ಯೂಸಿಫೆರಾ’ ಎಂದ, ತಾಳೆಯನ್ನು ‘ಬೊರಾಸಸ್ ಫ್ಲಾಬೆಲ್ಲಿಫರ್’ ಎಂದ, ಗಸಗಸೆ ಗಿಡವನ್ನು ‘ಪಪಾವರ್ ಸೋಮ್ನಿಫೆರಮ್’ ಎಂದ. ಕಾಯಿ ಹೊರುವುದು, ಬೀಸಣಿಗೆ ಹೊರುವುದು, ನಿದ್ದೆ ತರುವುದು. ಪೂರ್ವಪದ ತನ್ನ ವಿಭಕ್ತಿ ಕಳಚಿ ಬರುತ್ತದೆ, ಬೆಸುಗೆಯಲ್ಲಿ ಒಂದು ‘ಇ’ಕಾರ ಕೂರುತ್ತದೆ, ಆಮೇಲೆ ಅದು ಮಿಸುಕುವುದಿಲ್ಲ. ಬದಲಾಗುವುದು ಬಾಲ ಮಾತ್ರ: ಪುಲ್ಲಿಂಗಕ್ಕೆ ಫರ್, ಸ್ತ್ರೀಲಿಂಗಕ್ಕೆ ಫೆರಾ, ನಪುಂಸಕಕ್ಕೆ ಫೆರಮ್. ಮಾವಿನ ‘ಮ್ಯಾಂಜಿಫೆರಾ’ದಲ್ಲಂತೂ ನಮ್ಮ ದ್ರಾವಿಡ ಮಾಂಗಾಯಿ ಪೋರ್ಚುಗೀಸರ ಬಾಯಿ ಹಾದು ಲ್ಯಾಟಿನ್ ಕ್ರಿಯಾಪದದ ತೆಕ್ಕೆಗೆ ಬಿದ್ದಿದೆ. ಹಳಗನ್ನಡದ ವೈಯಾಕರಣ ಕೇಶಿರಾಜ ಕಂಡಿದ್ದರೆ ಅರಿಸಮಾಸವೆಂದು ಮೂಗು ಮುರಿಯುತ್ತಿದ್ದನೇನೋ!

ಬೀಟೆ ಮರದ ‘ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ’ ಇನ್ನೂ ಸ್ವಾರಸ್ಯದ್ದು. ಎಲೆ ಎನ್ನುವ ‘ಫೋಲಿಯಮ್’ ಸ್ವತಃ ನಪುಂಸಕ. ಆದರೆ ‘ಅಗಲ ಎಲೆಯುಳ್ಳದ್ದು’ ಎಂಬ ಸಮಾಸದೊಳಗೆ ಬಂದೊಡನೆ ಅದು ತನ್ನ ಲಿಂಗ ಬಿಟ್ಟು ಮರದ ಲಿಂಗ ಹೊರುತ್ತದೆ. ಶಾಲೆಯಲ್ಲಿ ನಾವು ಉರು ಹೊಡೆದ ಬಹುವ್ರೀಹಿಯೇ ಇದು. ಯುರೋಪಿನ ಭಾಷಾಶಾಸ್ತ್ರಜ್ಞರೂ ಅದನ್ನು ಅದೇ ಹೆಸರಿನಿಂದ ಕರೆಯುತ್ತಾರೆ. ಎಡವುವ ಜಾಗ ಬೇರೆ ಇದೆ. ‘ಕ್ವೆರ್ಕಸ್’ ನೋಡಲು ಪುಲ್ಲಿಂಗದಂತಿದೆ, ಆದರೆ ರೋಮನ್ನರಿಗೆ ಓಕ್ ಮರ ಹೆಣ್ಣು. ಆದ್ದರಿಂದ ‘ಕ್ವೆರ್ಕಸ್ ಇಲಿಸಿಫೋಲಿಯಾ’ ಸರಿ, ‘ಇಲಿಸಿಫೋಲಿಯಸ್’ ತಪ್ಪು.

ಎಲ್ಲ ಸಮಾಸಗಳೂ ಮೂರು ಬಾಲ ಹೊತ್ತಿರುವುದಿಲ್ಲ. ವರ್ಷ ಎಂಬ ‘ಆನ್ನುಸ್’ಗೆ ‘ಪೆರ್’ ಸೇರಿದರೆ ಒಳಗಿನ ಸ್ವರವೇ ಕುಗ್ಗಿ ‘ಪೆರೆನ್ನಿಸ್’ ಆಗುತ್ತದೆ. ಗಂಡಿಗೂ ಹೆಣ್ಣಿಗೂ ಅದೇ ರೂಪ, ನಪುಂಸಕಕ್ಕೆ ಮಾತ್ರ ‘ಪೆರೆನ್ನೆ’. ನಮ್ಮ ಜೋಳ, ‘ಸೋರ್ಘಮ್ ಬೈಕಲರ್’, ಇನ್ನೂ ಸರಳ: ‘ಎರಡು ಬಣ್ಣದ’ ಎಂಬ ಆ ವಿಶೇಷಣಕ್ಕೆ ಪ್ರಥಮಾ ಏಕವಚನದಲ್ಲಿ ಮೂರು ಲಿಂಗಕ್ಕೂ ಒಂದೇ ರೂಪ.

ಬಾಲ ಕುಲದ ಹೆಸರಿನ ಲಿಂಗಕ್ಕೆ ಹೊಂದಬೇಕೆಂಬ ಈ ನಿಯಮಕ್ಕೆ ಇವತ್ತಿಗೂ ಕಾವಲಿದೆ. ವಿಶೇಷಣದ ಲಿಂಗ ತಪ್ಪಿದ್ದರೆ ತಿದ್ದಬೇಕೆಂದು ಅಂತರರಾಷ್ಟ್ರೀಯ ಸಸ್ಯನಾಮ ಸಂಹಿತೆ ಹೇಳುತ್ತದೆ. ಪ್ರಭೇದವೊಂದನ್ನು ಬೇರೆ ಕುಲಕ್ಕೆ ಸೇರಿಸಿದಾಗ ಬಾಲವನ್ನೂ ಹೊಂದಿಸಬೇಕು. ‘ರೂಪಿಕೋಲಾ’ದಂಥವು ಇದಕ್ಕೆ ಸಿಗುವುದಿಲ್ಲ. ಬಂಡೆವಾಸಿ ಎಂಬ ಆ ಸಮಾಸ ವಿಶೇಷಣದ ವೇಷದಲ್ಲಿರುವ ನಾಮಪದ. ಯಾವ ಕುಲದ ಪಕ್ಕ ಕೂರಿಸಿದರೂ ಅದು ‘ಕೋಲಾ’ವೇ.